ಎರಡು ಪಟ್ಟು ದಪ್ಪ, ಎಷ್ಟು ಪಟ್ಟು ಭಾರ?

(ವಿಜ್ಞಾನಾಸಕ್ತರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ವೇದಿಕೆಯ ಮೇಲೆ ಮಾಡಿದ ಪ್ರಯೋಗವನ್ನೂ ಕೊನೆಯ ಪ್ರಶ್ನೋತ್ತರವನ್ನೂ ಸೇರಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಈ ಸರಳಿನಿಂದ ಎರಡು ತಾಮ್ರದ ತಂತಿಗಳು ಇಳಿಬಿದ್ದಿವೆ. ಹಿಂದಿನ ಸಾಲಿನವರಿಗೆ ಕಾಣುವುದು ಕಷ್ಟ. ಒಂದರ ವ್ಯಾಸ 0.2 ಮಿಲಿಮೀಟರ್, ಇನ್ನೊಂದರದು 0.4. ಎರಡೂ ಕಾಯಿಸಿ ಮೆದುವಾಗಿಸಿದ ತಾಮ್ರ, ಉದ್ದವೂ ಒಂದೇ, ಮೂವತ್ತು ಸೆಂಟಿಮೀಟರ್. ತುದಿಗಳನ್ನು ಗಂಟು ಹಾಕಿಲ್ಲ, ಸರಳಿಗೆ ಐದಾರು ಸುತ್ತು ಸುತ್ತಿದ್ದೇನೆ. ಗಂಟು ಹಾಕಿದರೆ ತಂತಿ ಗಂಟಿನಲ್ಲೇ ಹರಿಯುತ್ತದೆ. ಆಗ ನಾವು ಅಳೆಯುವುದು ಗಂಟಿನ ದೌರ್ಬಲ್ಯವನ್ನೇ ಹೊರತು ತಂತಿಯ ಬಲವನ್ನಲ್ಲ.

ತೆಳುವಾದ ತಂತಿಗೆ ಖಾಲಿ ಬಾಟಲಿ ಕಟ್ಟಿ ನೀರು ಸುರಿಯುತ್ತೇನೆ. ಅರ್ಧ ಲೀಟರ್ ದಾಟುವಾಗ ಬಾಟಲಿ ಕೆಳಗಿಳಿಯುತ್ತಿರುವುದನ್ನು ನೋಡಿ. ತಂತಿ ಹಿಗ್ಗುತ್ತಿದೆ. ಇಳಿಯಿತು, ಇನ್ನೂ ಇಳಿಯಿತು, ಹರಿಯಿತು. ಬಾಟಲಿ, ನೀರು ಎರಡೂ ಸೇರಿ ತಕ್ಕಡಿಯಲ್ಲಿ 720 ಗ್ರಾಂ.

ದಪ್ಪ ತಂತಿ ಎಷ್ಟಕ್ಕೆ ಹರಿಯಬಹುದು ಎಂದು ಕೇಳಿದಾಗ ಹೆಚ್ಚಿನ ಕೈಗಳು ಎದ್ದದ್ದು ಒಂದೂವರೆ ಕಿಲೋ ಎಂಬ ಉತ್ತರಕ್ಕೆ. ಎರಡು ಪಟ್ಟು ದಪ್ಪವಿದ್ದರೆ ಎರಡು ಪಟ್ಟು ಭಾರ ಎಂಬ ಲೆಕ್ಕ ಅದು. ಈಗ ದೊಡ್ಡ ಕ್ಯಾನ್ ಕಟ್ಟುತ್ತೇನೆ. ಒಂದೂವರೆ ಕಿಲೋ ದಾಟಿತು, ತಂತಿ ಅಲುಗಲಿಲ್ಲ. ಎರಡು ಕಿಲೋ. ಎರಡೂವರೆ ಕಿಲೋಗೆ ಹಿಗ್ಗತೊಡಗಿತು. ಹರಿದದ್ದು 2 ಕಿಲೋ 850 ಗ್ರಾಂಗೆ. 720ರ ನಾಲ್ಕು ಪಟ್ಟು 2880. ನೀರು ಸುರಿಯುವ ಕೈಯ ತಪ್ಪನ್ನು ಕಳೆದರೆ ಇದಕ್ಕಿಂತ ಹತ್ತಿರದ ಉತ್ತರ ಬೇಕಿಲ್ಲ.

ಭಾರ ಹೊರುವುದು ವ್ಯಾಸವಲ್ಲ, ಅಡ್ಡಕೊಯ್ತದ ವಿಸ್ತೀರ್ಣ. ತಂತಿಯನ್ನು ಅಡ್ಡಲಾಗಿ ಕತ್ತರಿಸಿದರೆ ಕಾಣುವ ಪುಟ್ಟ ವೃತ್ತವಿದೆಯಲ್ಲ, ಅದರ ತುಂಬ ಲೋಹದ ಪರಮಾಣುಗಳು ಒಂದರ ಕೈ ಇನ್ನೊಂದು ಹಿಡಿದು ನಿಂತಿವೆ. ಹಿಡಿದ ಕೈಗಳು ಎಷ್ಟೋ ಹೊರುವ ಭಾರವೂ ಅಷ್ಟು. ವ್ಯಾಸ ಎರಡು ಪಟ್ಟಾದರೆ ವೃತ್ತದ ವಿಸ್ತೀರ್ಣ ನಾಲ್ಕು ಪಟ್ಟು, ಮೂರು ಪಟ್ಟಾದರೆ ಒಂಬತ್ತು ಪಟ್ಟು. ಈ ಕಾರಣಕ್ಕೆ ಲೋಹದ ಬಲವನ್ನು ಇಡೀ ತಂತಿಗೆ ಇಷ್ಟು ಎಂದು ಹೇಳುವುದಿಲ್ಲ, ಒಂದು ಚದರ ಮಿಲಿಮೀಟರಿಗೆ ಇಷ್ಟು ಎಂದು ಹೇಳುತ್ತಾರೆ. ನಮ್ಮ ಮೆದು ತಾಮ್ರಕ್ಕೆ ಆ ಅಂಕಿ ಸುಮಾರು 23 ಕಿಲೋ. ಪಿಯಾನೊಗೆ ಬಿಗಿಯುವ ಉಕ್ಕಿನ ತಂತಿಗೆ ಇನ್ನೂರು ಕಿಲೋಗೂ ಮೇಲೆ. ಒಂದೇ ಮಿಲಿಮೀಟರ್ ವ್ಯಾಸದ ಅಂಥ ತಂತಿಗೆ ಇಬ್ಬರು ವಯಸ್ಕರು ಜೋತುಬಿದ್ದರೂ ಅದು ತಡೆಯುತ್ತದೆ.

ಇದನ್ನು ಸ್ಪಷ್ಟವಾಗಿ ಬರೆದಿಟ್ಟವರಲ್ಲಿ ಗೆಲಿಲಿಯೊ ಮುಖ್ಯ. 1638ರಲ್ಲಿ ಲೈಡನ್‌ನಲ್ಲಿ ಅಚ್ಚಾದ ಅವನ ಕೊನೆಯ ದೊಡ್ಡ ಗ್ರಂಥದಲ್ಲಿ ತಾಮ್ರದ ತಂತಿಯ ಒಂದು ಲೆಕ್ಕವಿದೆ. ನನಗೆ ಬಹಳ ಪ್ರಿಯವಾದ ಲೆಕ್ಕ. ಒಂದು ಮೊಳ ಉದ್ದದ ತಂತಿ ಔನ್ಸಿನ ಎಂಟನೆಯ ಒಂದು ಭಾಗ ತೂಗುತ್ತದೆ, ಐವತ್ತು ಪೌಂಡ್ ಭಾರಕ್ಕೆ ಹರಿಯುತ್ತದೆ ಎಂದು ಅವನು ಇಟ್ಟುಕೊಳ್ಳುತ್ತಾನೆ. ಆ ಐವತ್ತು ಪೌಂಡನ್ನೂ ಅದೇ ತಂತಿಯ ರೂಪದಲ್ಲೇ ಕೆಳಗೆ ಜೋಡಿಸುತ್ತ ಹೋದರೆ? ಅವನ ಪೌಂಡಿಗೆ ಹನ್ನೆರಡು ಔನ್ಸ್. ಹಾಗಾಗಿ ಐವತ್ತು ಪೌಂಡ್ ಎಂದರೆ 4800 ಮೊಳ ತಂತಿ. ಮೊದಲಿನ ಒಂದು ಮೊಳ ಸೇರಿಸಿದರೆ 4801. ತಾಮ್ರದ ತಂತಿ ಯಾವುದೇ ಇರಲಿ, ಎಷ್ಟೇ ದಪ್ಪವಿರಲಿ, 4801 ಮೊಳಕ್ಕಿಂತ ಉದ್ದವಾಗಿ ತೂಗಿಬಿಟ್ಟರೆ ತನ್ನ ಭಾರಕ್ಕೆ ತಾನೇ ಹರಿಯುತ್ತದೆ ಎಂದು ಅವನ ತೀರ್ಮಾನ.

"ಎಷ್ಟೇ ದಪ್ಪವಿರಲಿ" ಎಂಬ ಮಾತನ್ನು ಗಮನಿಸಬೇಕು. ವ್ಯಾಸವನ್ನು ಎರಡು ಪಟ್ಟು ಮಾಡಿದರೆ ಬಲ ನಾಲ್ಕು ಪಟ್ಟಾಗುತ್ತದೆ, ತಂತಿಯ ಸ್ವಂತ ತೂಕವೂ ನಾಲ್ಕು ಪಟ್ಟಾಗುತ್ತದೆ. ಗಳಿಸಿದ್ದೆಲ್ಲ ಅಲ್ಲಿಗಲ್ಲಿಗೆ ಸರಿಹೋಗುತ್ತದೆ. ಇಂದಿನ ಅಂಕಿಗಳನ್ನು ಇಟ್ಟು ಲೆಕ್ಕ ಹಾಕಿದರೆ ಮೆದು ತಾಮ್ರ ತನ್ನ ಭಾರವನ್ನು ತಾನೇ ಹೊತ್ತು ಸುಮಾರು ಎರಡೂವರೆ ಕಿಲೋಮೀಟರ್ ಇಳಿಯಬಲ್ಲದು, ಒಳ್ಳೆಯ ಉಕ್ಕಿನ ತಂತಿ ಇಪ್ಪತ್ತೈದು ಕಿಲೋಮೀಟರಿನ ಆಸುಪಾಸು. ಆಳದ ಗಣಿಗೆ, ಸಾಗರದ ತಳಕ್ಕೆ ಹಗ್ಗ ಇಳಿಸುವವರಿಗೆ ಇದು ಬದುಕಿನ ಪ್ರಶ್ನೆ. ಅವರು ದಪ್ಪ ಹೆಚ್ಚಿಸಿ ಪಾರಾಗುವಂತಿಲ್ಲ, ಹಗುರವಾದ ಅಥವಾ ಹೆಚ್ಚು ಗಟ್ಟಿಯಾದ ವಸ್ತುವನ್ನೇ ಹುಡುಕಬೇಕು.

ಎರಡು ಪಟ್ಟಿಗೆ ನಾಲ್ಕು, ಮೂರು ಪಟ್ಟಿಗೆ ಒಂಬತ್ತು ಎಂಬ ವರ್ಗದ ಲೆಕ್ಕ ಇಲ್ಲಿಗೆ ಮುಗಿಯಿತು. ಶಾಲೆಯಲ್ಲಿ ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ನನಗೆ ಇವತ್ತು ಹೇಳಬೇಕಿರುವುದು ಇದರಾಚೆಗಿದೆ. ಭಾರ ಹೊರಲು ದಪ್ಪ ಬೇಕು, ನಿಜ. ಆದರೆ ಆ ದಪ್ಪವನ್ನೆಲ್ಲ ಒಂದೇ ತಂತಿಗೆ ಕೊಡುವುದು ಬಹುತೇಕ ಸಂದರ್ಭಗಳಲ್ಲಿ ತಪ್ಪು.

ಮೊದಲ ಕಾರಣ ಉಕ್ಕಿನ ತಂತಿ ತಯಾರಾಗುವ ರೀತಿಯಲ್ಲೇ ಇದೆ. ತಂತಿಯನ್ನು ಎರಕ ಹೊಯ್ಯುವುದಿಲ್ಲ, ಎಳೆಯುತ್ತಾರೆ. ಬೆರಳುಗಾತ್ರದ ಸರಳಿನ ತುದಿಯನ್ನು ಚೂಪು ಮಾಡಿ, ಅದಕ್ಕಿಂತ ತುಸು ಕಿರಿದಾದ ರಂಧ್ರವಿರುವ ಗಟ್ಟಿ ಅಚ್ಚಿನೊಳಗೆ ತೂರಿಸಿ, ಆಚೆ ಬದಿಯಿಂದ ಜಗ್ಗುತ್ತಾರೆ. ಹೊರಬಂದದ್ದನ್ನು ಇನ್ನೂ ಕಿರಿದಾದ ರಂಧ್ರಕ್ಕೆ, ಆಮೇಲೆ ಮತ್ತೂ ಕಿರಿದಾದದ್ದಕ್ಕೆ. ಪ್ರತಿ ಸಲವೂ ಲೋಹದ ಒಳಗಿನ ಕಣರಚನೆ ಉದ್ದಕ್ಕೆ ಎಳೆದುಕೊಂಡು, ಒತ್ತಿಕೊಂಡು, ಗಟ್ಟಿಯಾಗುತ್ತದೆ. ಕಾಗದ ಸಿಕ್ಕಿಸುವ ಕ್ಲಿಪ್ ಒಂದನ್ನು ಬಿಡಿಸಿ ಒಂದೇ ಜಾಗದಲ್ಲಿ ಬಾಗಿಸಿ, ಮತ್ತೆ ನೇರ ಮಾಡಲು ನೋಡಿ. ಬಾಗಿದ ಜಾಗ ಮೊಂಡುಬಿದ್ದು ಪಕ್ಕದ ಜಾಗ ಬಾಗುತ್ತದೆ. ಅಚ್ಚಿನೊಳಗೆ ಆಗುವುದೂ ಇದೇ ಬಗೆಯದು, ಇಡೀ ತಂತಿಗೆ ಸಮನಾಗಿ ಆಗುತ್ತದೆ ಅಷ್ಟೇ.

ಹಾಗಾಗಿ ಹೆಚ್ಚು ಸಲ ಎಳೆಸಿಕೊಂಡ ತೆಳು ತಂತಿ, ಚದರ ಮಿಲಿಮೀಟರಿನ ಲೆಕ್ಕದಲ್ಲಿ, ದಪ್ಪ ತಂತಿಗಿಂತ ಗಟ್ಟಿ. ಪಿಯಾನೊ ತಂತಿಯ ಉಕ್ಕನ್ನೇ ತೆಗೆದುಕೊಳ್ಳಿ. ಆರು ಮಿಲಿಮೀಟರ್ ದಪ್ಪದಲ್ಲಿ ಚದರ ಮಿಲಿಮೀಟರಿಗೆ ಸುಮಾರು 170 ಕಿಲೋ ತಡೆಯುತ್ತದೆ. ಒಂದು ಮಿಲಿಮೀಟರಿಗೆ ಎಳೆದಾಗ 220ರ ಮೇಲೆ. 0.1 ಮಿಲಿಮೀಟರಿಗೆ ಇಳಿಸಿದಾಗ ಮುನ್ನೂರರ ಹತ್ತಿರ. ಅಂದರೆ ಈ ಉಕ್ಕಿನಲ್ಲಿ ವ್ಯಾಸ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟಾಗುವುದಿಲ್ಲ, ಸುಮಾರು 3.6 ಪಟ್ಟಾಗುತ್ತದೆ. ನನ್ನ ತಾಮ್ರದ ತಂತಿಗಳು ಸರಿಯಾಗಿ ನಾಲ್ಕು ಪಟ್ಟು ತೋರಿಸಿದ್ದಕ್ಕೆ ಕಾರಣವೂ ಇಲ್ಲೇ ಇದೆ. ಅವನ್ನು ಕಾಯಿಸಿ ಮೆದುಗೊಳಿಸಿದ್ದರಿಂದ ಎಳೆತದಲ್ಲಿ ಗಳಿಸಿದ ಗಡಸುತನ ಎರಡರಲ್ಲೂ ಅಳಿಸಿಹೋಗಿತ್ತು. ತೆಳುವಾಗಿದ್ದರೆ ಸಾಕು, ಗಟ್ಟಿಯಾಗಿರುತ್ತದೆ ಎಂದು ಯಾರೂ ತಿಳಿಯಬಾರದು. ಹೇಗೆ ತೆಳುವಾಯಿತು ಎಂಬುದು ಮುಖ್ಯ.

ಎರಡನೆಯ ಕಾರಣ ಕಣ್ಣಿಗೆ ಕಾಣದ ಬಿರುಕುಗಳು. ಇಂಗ್ಲೆಂಡಿನ ಎ. ಎ. ಗ್ರಿಫಿತ್ ನೂರು ವರ್ಷಗಳ ಹಿಂದೆ ಗಾಜಿನ ಎಳೆಗಳನ್ನು ಎಳೆದು ಹರಿದು ನೋಡಿದ. ಒಂದು ಮಿಲಿಮೀಟರ್ ದಪ್ಪದ ಗಾಜಿನ ಕಡ್ಡಿ ಚದರ ಮಿಲಿಮೀಟರಿಗೆ ಹದಿನೇಳು ಕಿಲೋ ಚಿಲ್ಲರೆಗೆ ಮುರಿಯಿತು. ಅದೇ ಗಾಜನ್ನು ಮಿಲಿಮೀಟರಿನ ಸಾವಿರ ಭಾಗಗಳಲ್ಲಿ ಮೂರರಷ್ಟು ತೆಳುವಾಗಿ ಎಳೆದಾಗ ಅಂಕಿ 340 ಕಿಲೋ ದಾಟಿತು, ಇಪ್ಪತ್ತು ಪಟ್ಟು. 1921ರಲ್ಲಿ ಪ್ರಕಟವಾದ ಅವನ ಪ್ರಬಂಧ ಕೊಟ್ಟ ವಿವರಣೆ ಇಂದಿಗೂ ನಿಂತಿದೆ. ಗಾಜಿನಂಥ ಪೆಡಸು ವಸ್ತು ಮುರಿಯುವುದು ಅದರ ಸರಾಸರಿ ಬಲದಿಂದಲ್ಲ, ಅದರಲ್ಲಿರುವ ಅತಿ ದೊಡ್ಡ ಬಿರುಕಿನಿಂದ. ತೆಳು ಎಳೆಯಲ್ಲಿ ದೊಡ್ಡ ಬಿರುಕಿಗೆ ಜಾಗವೇ ಇಲ್ಲ.

ಲಿಯೊನಾರ್ಡೊ ಡಾ ವಿಂಚಿಯ ಟಿಪ್ಪಣಿ ಪುಸ್ತಕಗಳಲ್ಲಿ ಕಬ್ಬಿಣದ ತಂತಿಯ ಪರೀಕ್ಷೆಯೊಂದರ ಚಿತ್ರವಿದೆ. ತಂತಿಗೆ ಬುಟ್ಟಿ, ಬುಟ್ಟಿಗೆ ಸಣ್ಣ ರಂಧ್ರದಿಂದ ಸುರಿಯುವ ಮರಳು, ತಂತಿ ಹರಿದ ಕ್ಷಣ ರಂಧ್ರವನ್ನು ತಾನಾಗಿ ಮುಚ್ಚುವ ಸ್ಪ್ರಿಂಗ್. ನನ್ನ ನೀರಿನ ಬಾಟಲಿಗಿಂತ ಚೊಕ್ಕವಾದ ಏರ್ಪಾಡು. ಅವನು ಪರೀಕ್ಷಿಸಬೇಕೆಂದಿದ್ದು ದಪ್ಪವನ್ನಲ್ಲ, ಉದ್ದವನ್ನು. ಮೊದಲು ಇಡೀ ತಂತಿ, ಆಮೇಲೆ ಅದರ ಅರ್ಧ, ಹೀಗೆ ತುಂಡು ಮಾಡುತ್ತ ಹೋಗು, ಎಲ್ಲಿ ಹರಿಯಿತೆಂದು ಗುರುತು ಮಾಡಿಕೋ ಎನ್ನುತ್ತದೆ ಟಿಪ್ಪಣಿ. ಎಲ್ಲೆಡೆ ಒಂದೇ ಸಮನಾಗಿರುವ ತಂತಿಗೆ ಈ ಪರೀಕ್ಷೆ ವ್ಯರ್ಥ, ಉದ್ದದಿಂದ ಹಿಗ್ಗುವಿಕೆ ಹೆಚ್ಚುತ್ತದೆಯೇ ಹೊರತು ಹರಿಯುವ ಭಾರ ಬದಲಾಗದು. ನಿಜದ ತಂತಿಗೆ ಹಾಗಲ್ಲ. ಉದ್ದ ಹೆಚ್ಚಿದಷ್ಟೂ ಎಲ್ಲೋ ಒಂದು ಕೆಟ್ಟ ಜಾಗ ಸಿಕ್ಕುವ ಸಂಭವ ಹೆಚ್ಚು.

ಮೂರನೆಯ ಕಾರಣ ಬಾಗುವಿಕೆ. ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ನಮ್ಮ ಕಾರ್ಯಾಗಾರದಲ್ಲಿ ಸರಕು ಎತ್ತುವ ಒಂದು ಸಣ್ಣ ಯಂತ್ರವಿತ್ತು. ಅದರ ಉಕ್ಕಿನ ಹಗ್ಗ ವರ್ಷಕ್ಕೊಮ್ಮೆ ಸವೆಯುತ್ತಿತ್ತು. ಇದಕ್ಕಿಂತ ದಪ್ಪದ ಹಗ್ಗ ಹಾಕಿದರೆ ಹೆಚ್ಚು ಬಾಳಿಕೆ ಬರುತ್ತದೆ ಎಂದು ಸಲಹೆ ಕೊಟ್ಟವನು ನಾನೇ. ಹೊಸ ಹಗ್ಗ ದಪ್ಪವಾಗಿತ್ತು, ಅದರ ಒಳಗಿನ ಎಳೆಗಳೂ ದಪ್ಪವಾಗಿದ್ದವು. ರಾಟೆ ಮಾತ್ರ ಹಳೆಯದೇ. ಮೂರು ತಿಂಗಳಾಗುವಷ್ಟರಲ್ಲಿ ಹಿರಿಯ ಮೇಸ್ತ್ರಿಯೊಬ್ಬರು ನನ್ನನ್ನು ಕರೆದು, ಹತ್ತಿ ಬಟ್ಟೆಯ ಚೂರೊಂದನ್ನು ಹಗ್ಗದ ಸುತ್ತ ಹಿಡಿದು ಮೆಲ್ಲನೆ ಸವರಿದರು. ರಾಟೆಯ ಮೇಲೆ ಹಾದುಹೋಗುವ ಭಾಗಕ್ಕೆ ಬಂದಾಗ ಬಟ್ಟೆ ಸಿಕ್ಕಿಕೊಂಡಿತು. ಬಗ್ಗಿ ನೋಡಿದೆ. ಮುರಿದ ಎಳೆಗಳು ಜಾಲಿಮುಳ್ಳಿನಂತೆ ಎದ್ದು ನಿಂತಿದ್ದವು. ಹದಿನಾಲ್ಕನ್ನು ಎಣಿಸಿದೆ. "ತೂಕ ಹೊತ್ತು ಮುರಿದದ್ದಲ್ಲಪ್ಪ ಇದು, ಬಗ್ಗಿ ಬಗ್ಗಿ ಮುರಿದದ್ದು" ಎಂದರು. ಆ ಹಗ್ಗದ ಕೆಳಗೆ ದಿನವೂ ಜನ ಓಡಾಡುತ್ತಿದ್ದರು. ಆ ಮಧ್ಯಾಹ್ನ ನನ್ನ ಕೈ ನಡುಗಿದ್ದು ಈಗಲೂ ನೆನಪಿದೆ.

ಅವರ ಮಾತಿನ ಲೆಕ್ಕ ಸರಳ. ತಂತಿಯನ್ನು ರಾಟೆಯ ಮೇಲೆ ಬಾಗಿಸಿದಾಗ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ. ಹಿಗ್ಗುವ ಪ್ರಮಾಣ ಸುಮಾರಾಗಿ ತಂತಿಯ ವ್ಯಾಸವನ್ನು ರಾಟೆಯ ವ್ಯಾಸದಿಂದ ಭಾಗಿಸಿದಷ್ಟು. ಇನ್ನೂರು ಮಿಲಿಮೀಟರಿನ ರಾಟೆಯ ಮೇಲೆ ಒಂದು ಮಿಲಿಮೀಟರಿನ ಉಕ್ಕಿನ ಎಳೆ ಬಾಗಿದರೆ ಅದರ ಹೊರಮೈ ನೂರಕ್ಕೆ ಅರ್ಧದಷ್ಟು ಹಿಗ್ಗುತ್ತದೆ. ಕೇಳಲು ಅತ್ಯಲ್ಪ. ಆದರೆ ಉಕ್ಕನ್ನು ಅಷ್ಟು ಹಿಗ್ಗಿಸಬೇಕಾದರೆ ಚದರ ಮಿಲಿಮೀಟರಿಗೆ ನೂರು ಕಿಲೋ ಎಳೆಯಬೇಕು! ಒಂದು ಗ್ರಾಂ ಭಾರವನ್ನೂ ಎತ್ತುವ ಮೊದಲೇ ಎಳೆಯ ಬಲದ ಅರ್ಧದಷ್ಟು ಅಲ್ಲಿ ಖರ್ಚಾಗಿರುತ್ತದೆ. ಎಳೆಯ ದಪ್ಪವನ್ನು ಅರ್ಧ ಮಾಡಿ, ಈ ಖರ್ಚೂ ಅರ್ಧವಾಗುತ್ತದೆ. ದಿನಕ್ಕೆ ನೂರಾರು ಸಲ ಬಾಗಿ ನೇರವಾಗುವ ಹಗ್ಗದಲ್ಲಿ ಈ ವ್ಯತ್ಯಾಸವೇ ಆಯುಷ್ಯವನ್ನು ನಿರ್ಧರಿಸುತ್ತದೆ. ಅಂದು ನಾನು ಸಲಹೆ ಕೊಡಬೇಕಾಗಿದ್ದುದು ದೊಡ್ಡ ರಾಟೆಗೆ, ಇಲ್ಲವೇ ತೆಳು ಎಳೆಗಳ ಹಗ್ಗಕ್ಕೆ.

ಇಂಥ ಹಗ್ಗದ ಚರಿತ್ರೆ ಗಣಿಯಲ್ಲಿ ಶುರುವಾಗುತ್ತದೆ. ಜರ್ಮನಿಯ ಹಾರ್ಟ್ಸ್ ಬೆಟ್ಟಗಳ ಗಣಿಗಳಲ್ಲಿ ಅದಿರು ಎತ್ತಲು ಕಬ್ಬಿಣದ ಸರಪಳಿ ಬಳಸುತ್ತಿದ್ದರು. ಒಂದು ಕೊಂಡಿ ಕಳಚಿದರೆ ಎಲ್ಲವೂ ಪಾತಾಳಕ್ಕೆ. 1834ರಲ್ಲಿ ವಿಲ್ಹೆಲ್ಮ್ ಆಲ್ಬರ್ಟ್ ಎಂಬ ಗಣಿ ಅಧಿಕಾರಿ 3.5 ಮಿಲಿಮೀಟರಿನ ನಾಲ್ಕು ತಂತಿಗಳನ್ನು ಹೊಸೆದು ಒಂದು ಹುರಿ, ಅಂಥ ಮೂರು ಹುರಿಗಳನ್ನು ಹೊಸೆದು ಒಂದು ಹಗ್ಗ ಮಾಡಿಸಿದ. ಹನ್ನೆರಡೇ ತಂತಿ. ಒಂದು ಹರಿದರೆ ಉಳಿದ ಹನ್ನೊಂದು ಹಿಡಿದಿರುತ್ತವೆ, ಹರಿದದ್ದು ಕಣ್ಣಿಗೂ ಕಾಣುತ್ತದೆ.

ಈ ಎರಡನೆಯ ಗುಣ ದೊಡ್ಡದು. 1967ರ ಡಿಸೆಂಬರಿನಲ್ಲಿ ಅಮೆರಿಕದ ಓಹಿಯೊ ನದಿಯ ಮೇಲಿನ ಸಿಲ್ವರ್ ಬ್ರಿಜ್ ಸಂಜೆಯ ವಾಹನಗಳನ್ನು ಹೊತ್ತುಕೊಂಡೇ ಕುಸಿದು 46 ಜನ ಸತ್ತರು. ಅದು ತಂತಿಗಳ ಸೇತುವೆಯಲ್ಲ. ತುದಿಯಲ್ಲಿ ಕಣ್ಣುಳ್ಳ ದಪ್ಪ ಉಕ್ಕಿನ ಪಟ್ಟಿಗಳನ್ನು ಸರಪಳಿಯಂತೆ ಕೊಂಡಿ ಹಾಕಿದ ಸೇತುವೆ, ಕೊಂಡಿಗೆ ಎರಡೇ ಪಟ್ಟಿ. ಒಂದು ಪಟ್ಟಿಯ ಕಣ್ಣಿನೊಳಗೆ ಎರಡೂವರೆ ಮಿಲಿಮೀಟರಿನಷ್ಟು ಆಳದ ಬಿರುಕು ಬೆಳೆದಿತ್ತು. ಬಿಚ್ಚದೆ ನೋಡಲಾಗದ ಜಾಗ. ಆ ಪಟ್ಟಿ ಮುರಿಯಿತು, ಉಳಿದೊಂದು ತಡೆಯಲಿಲ್ಲ. ಅಷ್ಟು ದಪ್ಪದ ಉಕ್ಕಿದ್ದೂ ಅದರ ಪ್ರಾಣ ಒಂದು ಉಗುರಿನಷ್ಟು ಬಿರುಕಿನಲ್ಲಿತ್ತು.

ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯ ಕಥೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಅದಕ್ಕೆ ನಾಲ್ಕು ಮುಖ್ಯ ಕೇಬಲ್‌ಗಳು, ಒಂದೊಂದರಲ್ಲೂ ಐದು ಸಾವಿರಕ್ಕೂ ಹೆಚ್ಚು ಉಕ್ಕಿನ ತಂತಿಗಳು. 1878ರಲ್ಲಿ, ಕೇಬಲ್ ಕಟ್ಟುವ ಕೆಲಸ ನಡೆದಿರುವಾಗಲೇ, ತಂತಿ ಪೂರೈಸುವ ಗುತ್ತಿಗೆದಾರ ಪರೀಕ್ಷೆಯಲ್ಲಿ ತೇರ್ಗಡೆಯಾದ ತಂತಿಯ ಬದಲು ಕಳಪೆ ತಂತಿ ಸಾಗಿಸುತ್ತಿದ್ದುದು ಬಯಲಾಯಿತು. ಕಳಪೆ ತಂತಿ ಅದಾಗಲೇ ಕೇಬಲಿನೊಳಗೆ ಸೇರಿಹೋಗಿತ್ತು, ತೆಗೆಯುವಂತಿರಲಿಲ್ಲ. ಮುಖ್ಯ ಎಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್ ಲೆಕ್ಕ ಹಾಕಿದ. ಬೇಕಾದುದಕ್ಕಿಂತ ಆರು ಪಟ್ಟು ಬಲ ಇರಲೆಂದು ಯೋಜಿಸಿದ್ದ ಕೇಬಲಿನಲ್ಲಿ ಇನ್ನೂ ಸುಮಾರು ಐದು ಪಟ್ಟು ಉಳಿದಿತ್ತು. ಪ್ರತಿ ಕೇಬಲಿಗೆ 150 ಹೆಚ್ಚುವರಿ ತಂತಿ ಸೇರಿಸಿದರು. 1883ರಲ್ಲಿ ತೆರೆದ ಸೇತುವೆ ಇಂದಿಗೂ ಕಳಪೆ ತಂತಿಯನ್ನು ಹೊಟ್ಟೆಯಲ್ಲಿಟ್ಟುಕೊಂಡೇ ವಾಹನಗಳನ್ನು ಹೊರುತ್ತಿದೆ. ಐದು ಸಾವಿರ ಎಳೆಗಳ ಜೊತೆಗೆ ಇನ್ನೂ ನೂರೈವತ್ತನ್ನು ಸೇರಿಸಬಹುದು. ಒಂದೇ ಗಟ್ಟಿ ಸರಳಿನೊಳಗೆ ದೋಷವಿದ್ದಿದ್ದರೆ ರೋಬ್ಲಿಂಗ್ ಏನನ್ನು ಸೇರಿಸಬಹುದಿತ್ತು?

ಜಪಾನಿನ ಅಕಾಶಿ ಕೈಕ್ಯೊ ಸೇತುವೆ 1998ರಲ್ಲಿ ತೆರೆಯಿತು. ಕೇಬಲಿನ ವ್ಯಾಸ 1.12 ಮೀಟರ್, ನನ್ನ ಎದೆಯ ಎತ್ತರ. ಅದರೊಳಗಿರುವುದು 5.23 ಮಿಲಿಮೀಟರಿನ 36,830 ತಂತಿಗಳು. ಒಂದೊಂದೂ ನಾಲ್ಕು ಟನ್ನಿಗೆ ಹತ್ತಿರ ತಡೆಯಬಲ್ಲದು.

ಹಾಗಾದರೆ ಎಳೆಗಳನ್ನು ಕೂದಲಿನಷ್ಟು ತೆಳುವಾಗಿಸಿ ಲಕ್ಷಗಟ್ಟಲೆ ಏಕೆ ಹಾಕುವುದಿಲ್ಲ? ತುಕ್ಕು ಬಿಡುವುದಿಲ್ಲ. ಮೇಲ್ಮೈಯಿಂದ 0.1 ಮಿಲಿಮೀಟರ್ ಆಳಕ್ಕೆ ತುಕ್ಕು ತಿಂದಿತು ಎನ್ನೋಣ. ಐದು ಮಿಲಿಮೀಟರಿನ ತಂತಿ 4.8ಕ್ಕೆ ಇಳಿದು ನೂರಕ್ಕೆ 92ರಷ್ಟು ಬಲವನ್ನು ಉಳಿಸಿಕೊಳ್ಳುತ್ತದೆ. ಒಂದು ಮಿಲಿಮೀಟರಿನದು 0.8ಕ್ಕೆ ಇಳಿದು 64ಕ್ಕೆ ಬರುತ್ತದೆ. 0.2 ಮಿಲಿಮೀಟರಿನದು ಇಲ್ಲವೇ ಇಲ್ಲ. ಆದ್ದರಿಂದ ದಶಕಗಟ್ಟಲೆ ಮಳೆಗಾಳಿಗೆ ನಿಂತು, ಬಾಗುವ ಕೆಲಸವಿಲ್ಲದ ಸೇತುವೆಯ ಕೇಬಲಿಗೆ ಐದು ಮಿಲಿಮೀಟರಿನ ತಂತಿ, ಅದಕ್ಕೂ ಸತುವಿನ ಲೇಪ. ಎಡೆಬಿಡದೆ ರಾಟೆ ಸುತ್ತುವ ಲಿಫ್ಟಿನ ಹಗ್ಗಕ್ಕೆ ತೆಳು ಎಳೆಗಳು, ಮೇಲೆ ಎಣ್ಣೆ, ಹತ್ತು ಹನ್ನೆರಡು ಪಟ್ಟಿನ ಸುರಕ್ಷತೆ, ತಪ್ಪದ ತಪಾಸಣೆ.

ಉಪನ್ಯಾಸದ ನಂತರ ವಿದ್ಯುತ್ ಕೆಲಸ ಮಾಡುವವರೊಬ್ಬರು ಎದ್ದು ಕೇಳಿದರು: "ಸರ್, ನಮಗೆ ಲೋಡ್ ಎಂದರೆ ಕರೆಂಟು. ಅದಕ್ಕೂ ಇದೇ ಲೆಕ್ಕವೇ?" ಒಳ್ಳೆಯ ಪ್ರಶ್ನೆ. ಅಲ್ಲ ಎಂಬುದು ಉತ್ತರ. ತಂತಿಯ ವ್ಯಾಸ ಎರಡು ಪಟ್ಟಾದರೆ ವಿದ್ಯುತ್ ರೋಧ ಕಾಲು ಭಾಗಕ್ಕೆ ಇಳಿಯುತ್ತದೆ, ನಿಜ. ಆದರೆ ಹುಟ್ಟಿದ ಬಿಸಿ ಹೊರಗೆ ಹೋಗಬೇಕಾದದ್ದು ಮೇಲ್ಮೈಯಿಂದ, ಮೇಲ್ಮೈ ಹೆಚ್ಚುವುದು ಎರಡೇ ಪಟ್ಟು. ಎರಡನ್ನೂ ಕೂಡಿಸಿ ನೋಡಿದರೆ, ಗಾಳಿಯಲ್ಲಿರುವ ಬರಿಯ ತಂತಿ ಅಷ್ಟೇ ಬಿಸಿಯಾಗಿ ಹೊರಬಲ್ಲ ಕರೆಂಟು ಸುಮಾರು 2.8 ಪಟ್ಟು. ನಾಲ್ಕು ಪಟ್ಟೆಂದು ನಂಬಿ ಲೋಡ್ ಹಾಕಿದರೆ ತಂತಿ ಸುಡುತ್ತದೆ.

ಸಭೆ ಮುಗಿದ ಮೇಲೆ ಎಂಟನೆಯ ತರಗತಿಯ ಹುಡುಗಿಯೊಬ್ಬಳು ವೇದಿಕೆಗೆ ಬಂದು, ತಾನೂ ಮಾಡಿ ನೋಡಬಹುದೇ ಎಂದು ಕೇಳಿದಳು. 0.2 ಮಿಲಿಮೀಟರಿನ ನಾಲ್ಕು ತಂತಿಗಳನ್ನು ಒಟ್ಟಿಗೆ ಸುತ್ತಿ ಕ್ಯಾನ್ ತೂಗಿಸಿದಳು. ನಾಲ್ಕೂ ಸಮನಾಗಿ ಬಿಗಿದಿರಲಿಲ್ಲ. ಒಂದು ಸೆಟೆದಿತ್ತು, ಒಂದು ಸಡಿಲವಾಗಿ ತೂಗುತ್ತಿತ್ತು. ಸೆಟೆದದ್ದು ಮೊದಲು ಹರಿದು ಲೆಕ್ಕ ಕೆಡುತ್ತದೆ ಎಂದುಕೊಂಡೆ, ಹೇಳಲಿಲ್ಲ. ನೀರು ಏರಿದಂತೆ ಸೆಟೆದ ತಂತಿ ಹಿಗ್ಗಿತು, ಉಳಿದವು ಒಂದೊಂದಾಗಿ ಬಿಗಿಯಾಗಿ ಭಾರಕ್ಕೆ ಹೆಗಲು ಕೊಟ್ಟವು. 2 ಕಿಲೋ 790 ಗ್ರಾಂವರೆಗೂ ಹೊತ್ತವು. ಮೆದು ತಾಮ್ರದ ಔದಾರ್ಯ ಅದು, ಹರಿಯುವ ಮುನ್ನ ಐದನೆಯ ಒಂದು ಭಾಗದಷ್ಟು ಹಿಗ್ಗಬಲ್ಲದು. ಸೇತುವೆಯ ಗಡಸು ಉಕ್ಕು ಅಷ್ಟು ಹಿಗ್ಗುವುದಿಲ್ಲ, ಅದಕ್ಕೇ ಅಲ್ಲಿ ಪ್ರತಿ ತಂತಿ ಜೋತುಬೀಳುವ ಪ್ರಮಾಣವನ್ನೂ ಸರಿಹೊಂದಿಸುತ್ತಾರೆ ಎಂದು ವಿವರಿಸಿದೆ.

ಅವಳು ಕೇಳಿಸಿಕೊಳ್ಳುತ್ತಲೇ ಹರಿದ ತುದಿಯೊಂದನ್ನು ಮಸೂರದಡಿ ಹಿಡಿದಿದ್ದಳು. "ತುದಿ ಸೂಜಿಯ ಹಾಗೆ ಚೂಪಾಗಿದೆ, ಸರ್. ಹರಿಯುವಾಗ ಇದು 0.2 ಇರಲೇ ಇಲ್ಲವಲ್ಲ. ನೀವು ಯಾವ ದಪ್ಪಕ್ಕೆ ಲೆಕ್ಕ ಹಾಕಿದಿರಿ?" ಎಂದಳು. ಭಾರ ಹಾಕುವ ಮೊದಲಿನ ದಪ್ಪಕ್ಕೆ, ಎಂಜಿನಿಯರುಗಳ ರೂಢಿ ಅದೇ ಎಂದೆ. ತುದಿಯಲ್ಲಿ ಹೊರುತ್ತಿದ್ದ ಜಾಗ ಇನ್ನೂ ಕಿರಿದಾದ್ದರಿಂದ ಅಲ್ಲಿಯ ಚದರ ಮಿಲಿಮೀಟರಿನ ಪಾಲು 23 ಕಿಲೋಗಿಂತ ಬಹಳ ಹೆಚ್ಚಿರಬೇಕು ಎಂದೂ ಹೇಳಿದೆ. ಅವಳಿಗೆ ಸಮಾಧಾನವಾಗಲಿಲ್ಲ. ಸ್ಕ್ರೂಗೇಜ್ ಕೇಳಿ ಪಡೆದು, ಚೂಪಾದ ತುದಿಯಿಂದ ಒಂದು ಗೇಣು ದೂರದಲ್ಲಿ, ಹರಿಯದೆ ಉಳಿದ ನೇರ ಭಾಗವನ್ನು ಅದರ ದವಡೆಗಳ ನಡುವೆ ಇಟ್ಟು ತಿರುಗಿಸಿ ಓದಿದಳು: 0.18.